ಡೀಸೆಲ್ ಪಿಕಪ್ ನಿಜವಾಗಿ ಎಷ್ಟು ಮೈಲೇಜ್ ಕೊಡುತ್ತೆ? ಲೋಡು, ರಸ್ತೆ ಸೇರಿಸಿ ಹೇಳಿ

ಕೋಲಾರ_ಟೊಮೆಟೊ_ಗಾಡಿ

ಎಲ್ಲರಿಗೂ ನಮಸ್ಕಾರ. ಪಿಕಪ್ ಇಟ್ಟುಕೊಂಡವರು ಸಿಕ್ಕರೆ ಜನ ಮೊದಲು ಕೇಳೋದು ಒಂದೇ ಮಾತು, "ಲೀಟರಿಗೆ ಎಷ್ಟು ಕೊಡುತ್ತೆ?" ನಾವೂ ಹನ್ನೆರಡು, ಹದಿನಾಲ್ಕು ಅಂತ ಒಂದು ನಂಬರ್ ಹೇಳಿ ಮುಗಿಸುತ್ತೇವೆ. ಆ ನಂಬರ್ ನಂಬಿಕೊಂಡು ಸಾಲ ಮಾಡಿ ಗಾಡಿ ತೆಗೆದುಕೊಳ್ಳುವ ಹುಡುಗರಿದ್ದಾರೆ. ಅದೇ ಲೆಕ್ಕದಲ್ಲಿ ಬಾಡಿಗೆ ಒಪ್ಪಿಕೊಳ್ಳುತ್ತಾರೆ. ತಿಂಗಳ ಕೊನೆಗೆ ಕಂತು ಕಟ್ಟೋಕಾಗದೆ ಒದ್ದಾಡುತ್ತಾರೆ. ನೋಡೋಕೆ ತುಂಬಾ ಬೇಜಾರಾಗುತ್ತೆ. ಅದಕ್ಕೇ ಕೇಳ್ತಾ ಇದ್ದೇನೆ: ಸುಮ್ನೆ ನಂಬರ್ ಬೇಡ. ಎಷ್ಟು ಲೋಡು, ಯಾವ ರಸ್ತೆ, ಎಷ್ಟು ಸ್ಪೀಡು, ವಾಪಸ್ ಬರುವಾಗ ಖಾಲಿಯಾ, ಇಷ್ಟನ್ನೂ ಸೇರಿಸಿ ಹೇಳಿ.

ನನ್ನದು 1.7 ಟನ್ನಿನ ಬೊಲೆರೊ ಪಿಕಪ್, 2.5 ಲೀಟರ್ ಎಂಜಿನ್. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ತೋಟಗಳಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಹೊಡೆಯುತ್ತೇನೆ. ಕೆಲವೊಮ್ಮೆ ಬೆಂಗಳೂರಿಗೂ ಹೋಗುತ್ತೇನೆ. ಫುಲ್ ಲೋಡಿನಲ್ಲಿ ಹೈವೇ ಮೇಲೆ 60ರ ಆಸುಪಾಸಿನಲ್ಲಿ ಹೋದರೆ 10ರಿಂದ 11. ಖಾಲಿ ವಾಪಸ್ ಬಂದರೆ 13ರಿಂದ 14. ಕೆ.ಆರ್. ಪುರ ದಾಟಿ ಟ್ರಾಫಿಕ್ಕಿಗೆ ಬಿದ್ದರೆ ಲೋಡಿನಲ್ಲಿ 8ಕ್ಕೆ ಇಳಿಯುತ್ತೆ.

ಫುಲ್ ಲೋಡು ಅಂದರೆ ಎಷ್ಟು ಅಂತಲೂ ಹೇಳಿಬಿಡ್ತೀನಿ. ನಮ್ಮಲ್ಲಿ ಟೊಮೆಟೊ ಬಾಕ್ಸ್ 15 ಕೆಜಿ ಲೆಕ್ಕ. 100 ಬಾಕ್ಸ್ ಹಾಕಿದರೆ 1,500 ಕೆಜಿ. ಆದರೆ ಕ್ರೇಟಿನ ತೂಕವನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಒಂದಕ್ಕೆ ಹೆಚ್ಚುಕಡಿಮೆ 2 ಕೆಜಿ ಅಂದರೂ ಇನ್ನು 200 ಕೆಜಿ ಬಂತು. 1.7 ಟನ್ನಿನ ಗಾಡಿಗೆ ಅಲ್ಲಿಗೆ ಮುಗೀತು. ಅದರ ಮೇಲೆ ಹತ್ತು ಬಾಕ್ಸ್ "ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ ಹಾಕಿದರೆ ಅದು ಓವರ್‌ಲೋಡೇ.

ಹೊಸಪೇಟೆ_ಡ್ರೈವರ್

ಗಾಡಿ ತಗೊಳ್ಳುವಾಗ ನನಗೆ 17 ಅಂದಿದ್ದರು. ಇವತ್ತಿನವರೆಗೂ ಖಾಲಿ ಗಾಡಿಯಲ್ಲೂ ಅಷ್ಟು ಕಂಡಿಲ್ಲ. ಲೋಡಿನಲ್ಲಿ 11 ದಾಟಿದರೆ ಅವತ್ತು ಒಳ್ಳೆ ದಿನ.

ಪುಣೆ_ಕನ್ನಡಿಗ

ನಾನು ವಾಹನ ಪರೀಕ್ಷೆಯ ಕೆಲಸದಲ್ಲೇ ಇರುವವನು. ಆ 17 ಎಲ್ಲಿಂದ ಬರುತ್ತೆ ಅಂತ ಹೇಳ್ತೀನಿ.

ಕಂಪನಿಯವರು ಹೇಳುವ ಪ್ರಮಾಣಪತ್ರದ ಮೈಲೇಜನ್ನು ರಸ್ತೆಯಲ್ಲಿ ಅಳೆಯುವುದಿಲ್ಲ. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಯಾವ ಸೆಕೆಂಡಿಗೆ ಎಷ್ಟು ಸ್ಪೀಡ್ ಅನ್ನುವುದು ಮೊದಲೇ ಗೊತ್ತು. ಇಡೀ ಓಟ 1,180 ಸೆಕೆಂಡು, ಅಂದರೆ ಸುಮಾರು 20 ನಿಮಿಷ. ಸ್ಪೀಡ್ ಎಲ್ಲೂ 90 ದಾಟಲ್ಲ. ಸರಾಸರಿ 32–33 ಅಷ್ಟೇ. ಎದುರುಗಾಳಿ ಇಲ್ಲ, ಹಂಪ್ ಇಲ್ಲ, ಘಟ್ಟ ಇಲ್ಲ, ಎಸಿ ಆಫ್. ಮುಖ್ಯವಾಗಿ, ಹಿಂದೆ ಒಂದೂವರೆ ಟನ್ ಮಾಲು ತುಂಬಿದ ಲೆಕ್ಕದಲ್ಲಿ ಅಲ್ಲ.

ಎರಡು ಗಾಡಿಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ಹೋಲಿಸಲು ಆ ಸಂಖ್ಯೆ ಸರಿ. ಬಾಡಿಗೆ ಕುದುರಿಸುವಾಗ ಅದನ್ನು ಹಿಡಿದುಕೊಂಡು ಕೂತರೆ ಕೈ ಸುಟ್ಟುಕೊಳ್ಳುತ್ತೀರಿ. ಫುಲ್ ಲೋಡಿನ ಬಾಡಿಗೆಗೆ ನಾನಾದರೆ ಅದರಲ್ಲಿ ಮೂರನೇ ಒಂದು ಭಾಗ ಕಳೆದೇ ಲೆಕ್ಕ ಶುರು ಮಾಡ್ತೀನಿ.

ಇನ್ನೊಂದು ಮಾತು. ನೀವು ಅಳೆಯುವ ರೀತಿಯೂ ಸರಿ ಇರಬೇಕು. ಮೀಟರಿನಲ್ಲಿ ತೋರಿಸುವ ಸರಾಸರಿ ಅಂದಾಜಿನದು, ಅದನ್ನು ಬಿಡಿ. ಟ್ಯಾಂಕ್ ಟು ಟ್ಯಾಂಕ್ ಮಾಡಿ, ಅಂದರೆ ಟ್ಯಾಂಕ್ ತುಂಬಿಸಿ ಓಡಿಸಿ, ಮತ್ತೆ ತುಂಬಿಸಿದಾಗ ಹಿಡಿದ ಲೀಟರಿನಿಂದ ಓಡಿದ ಕಿಲೋಮೀಟರನ್ನು ಭಾಗಿಸಿ. ನಾಜಲ್ ತಾನಾಗಿ ಕಟ್ ಆಗುವವರೆಗೆ ಹಾಕಿಸಿ, ಅಲ್ಲಿಗೆ ನಿಲ್ಲಿಸಿ. ಡೀಸೆಲ್ ನೊರೆ ಬರುತ್ತೆ, ಹಾಗಾಗಿ ನೊರೆ ಇಳಿದ ಮೇಲೆ ಇನ್ನಷ್ಟು ಹಾಕಿಸುತ್ತಾ ಹೋದರೆ ಲೆಕ್ಕ ಕೆಡುತ್ತೆ. ಮುಂದಿನ ಸಲವೂ ಅದೇ ಬಂಕ್, ಸಾಧ್ಯವಾದರೆ ಅದೇ ಪಂಪ್, ಗಾಡಿ ಅದೇ ದಿಕ್ಕಿನಲ್ಲಿ ನಿಂತಿರಲಿ. ಬಂಕಿನ ನೆಲ ಒಂದು ಕಡೆ ಇಳಿಜಾರಾಗಿದ್ದರೆ ಒಂದೆರಡು ಲೀಟರ್ ವ್ಯತ್ಯಾಸ ಸುಲಭವಾಗಿ ಬರುತ್ತೆ. ಒಂದೇ ಟ್ಯಾಂಕಿನ ಲೆಕ್ಕ ನಂಬಬೇಡಿ. ನಾಲ್ಕೈದು ಸಲದ ಲೀಟರ್, ಕಿಲೋಮೀಟರ್ ಎರಡನ್ನೂ ಕೂಡಿಸಿ ಭಾಗಿಸಿ.

ಉಪ್ಪಿನಂಗಡಿ_ಗುಜರಿ

ಬಯಲುಸೀಮೆಯವರ ಲೆಕ್ಕ ನಮ್ಮ ಕಡೆಗೆ ಹೊಂದುವುದಿಲ್ಲ ಮಾರಾಯ್ರೆ. ನಾನು ಗುಜರಿ ಮಾಲು ತುಂಬಿಕೊಂಡು ಶಿರಾಡಿ ಘಾಟಿ ಹತ್ತುವವನು. ಉಪ್ಪಿನಂಗಡಿಯಿಂದ ಸಕಲೇಶಪುರಕ್ಕೆ ಹೋಗುವಾಗ ಲೀಟರಿಗೆ 6–7 ಬಂದರೆ ಹೆಚ್ಚು. ಅದೇ ಗಾಡಿ ಕೆಳಗೆ ಬರುವಾಗ 18 ಸಹ ಕೊಟ್ಟದ್ದುಂಟು. ಈಗ ಯಾರಾದರೂ "ನಿನ್ನ ಗಾಡಿ ಎಷ್ಟು ಕೊಡ್ತದೆ" ಅಂತ ಕೇಳಿದರೆ ಏನು ಹೇಳುವುದು?

ಪುಣೆ_ಕನ್ನಡಿಗ

ನಿಮ್ಮ ಅನುಭವಕ್ಕೆ ಲೆಕ್ಕವೂ ಸರಿಯಾಗಿ ಕೂರುತ್ತೆ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರ. ಉಪ್ಪಿನಂಗಡಿ ಹೆಚ್ಚುಕಡಿಮೆ ತಳದಲ್ಲೇ ಇದೆ. ಏರು 850 ಮೀಟರ್ ಅಂತ ಇಟ್ಟುಕೊಳ್ಳಿ. ಗಾಡಿ, ಮಾಲು, ಜನ ಎಲ್ಲ ಸೇರಿ 3 ಟನ್. ಅಷ್ಟು ತೂಕವನ್ನು ಅಷ್ಟೆತ್ತರ ಎತ್ತಲು ಬೇಕಾದ ಶಕ್ತಿ ಸುಮಾರು 25 ಮೆಗಾಜೂಲ್. ಒಂದು ಲೀಟರ್ ಡೀಸೆಲ್‌ನಲ್ಲಿ 36 ಮೆಗಾಜೂಲ್ ಇದ್ದರೂ ಎಂಜಿನ್ ಅದರಲ್ಲಿ ಮೂರನೇ ಒಂದು ಪಾಲನ್ನಷ್ಟೇ ಚಕ್ರಕ್ಕೆ ಕೊಡುತ್ತೆ. ಉಳಿದದ್ದು ರೇಡಿಯೇಟರ್, ಸೈಲೆನ್ಸರ್ ಮೂಲಕ ಬಿಸಿಯಾಗಿ ಹೋಗುತ್ತೆ. ಅಂದರೆ ಬರೀ ಎತ್ತರ ಏರಲಿಕ್ಕೇ 2 ಲೀಟರ್. ರಸ್ತೆಯ ಉದ್ದಕ್ಕೆ ಬೇಕಾಗುವ ಡೀಸೆಲ್ ಇದರ ಮೇಲೆ.

ಇಳಿಯುವಾಗ ಅದೆಲ್ಲ ವಾಪಸ್ ಸಿಗಲ್ಲ. ಬಹುಪಾಲು ಬ್ರೇಕಿನಲ್ಲಿ ಸುಟ್ಟುಹೋಗುತ್ತೆ. ಹಾಗಾಗಿ ಘಟ್ಟದ ಗಾಡಿಗೆ ಹೋಗೋದು, ಬರೋದು ಎರಡನ್ನೂ ಸೇರಿಸಿದ ಲೆಕ್ಕವೇ ಲೆಕ್ಕ.

ಹಾಸನ_ಗ್ಯಾರೇಜ್

ಇಳಿಜಾರಿನ ಮಾತು ಬಂದದ್ದು ಒಳ್ಳೆಯದಾಯಿತು. ಇದನ್ನು ದಯವಿಟ್ಟು ಎಲ್ಲ ಡ್ರೈವರ್ ಅಣ್ಣಂದಿರೂ ಓದಿ.

ಡೀಸೆಲ್ ಉಳಿಯುತ್ತೆ ಅಂತ ಘಟ್ಟದಲ್ಲಿ ನ್ಯೂಟ್ರಲ್ ಹಾಕಿ ಇಳಿಸುವವರು ಇನ್ನೂ ಇದ್ದಾರೆ. ಕೆಲವರು ಎಂಜಿನ್ನೇ ಆಫ್ ಮಾಡ್ತಾರೆ. ಉಳಿಯಲ್ಲ ಅಣ್ಣಾ, ಉಳಿಯಲ್ಲ. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಇಂಜೆಕ್ಟರ್‌ಗೆ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತೆ. ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಐಡಲ್‌ನಲ್ಲಿ ಓಡಲು ಡೀಸೆಲ್ ಬೇಕೇ ಬೇಕು. ಅಂದರೆ ಉದ್ದ ಇಳಿಜಾರಿನಲ್ಲಿ ನ್ಯೂಟ್ರಲ್‌ಗಿಂತ ಗೇರಿನಲ್ಲೇ ಖರ್ಚು ಕಡಿಮೆ.

ಎಂಜಿನ್ ಆಫ್ ಮಾಡಿದರೆ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಇಲ್ಲ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನ ಹಾಗೆ ಆಗುತ್ತೆ. ಪವರ್ ಸ್ಟೀರಿಂಗೂ ಇಲ್ಲ. ಹತ್ತಿದ ಗೇರಿನಲ್ಲೇ ಇಳಿಸಿ, ಬೇಕಾದರೆ ಇನ್ನೊಂದು ಗೇರ್ ಕಡಿಮೆ ಮಾಡಿ. ಮನೆಯವರು ಕಾಯ್ತಾ ಇರ್ತಾರೆ.

ಮೈಲೇಜ್ ಕಡಿಮೆ ಆಯ್ತು ಅಂತ ನಮ್ಮ ಹತ್ತಿರ ಬರುವ ಗಾಡಿಗಳಲ್ಲಿ ನಾನು ಮೊದಲು ನೋಡೋದು ಎಂಜಿನ್ ಅಲ್ಲ, ಚಕ್ರ. ಹತ್ತು ಕಿಲೋಮೀಟರ್ ಬ್ರೇಕ್ ಜಾಸ್ತಿ ಬಳಸದೆ ಓಡಿಸಿಕೊಂಡು ಬಂದು, ನಾಲ್ಕೂ ಚಕ್ರದ ನಡುವಿನ ಹಬ್ ಹತ್ತಿರ ಕೈ ತರುತ್ತೇನೆ. ಒಂದೇ ಒಂದು ಹಬ್ ಸುಡುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಂತ ಅರ್ಥ. ಹಿಂದಿನ ಡ್ರಮ್‌ನಲ್ಲಿ ಇದು ಜಾಸ್ತಿ. ಕೆಸರು ತೋಟಕ್ಕೆ ಇಳಿಯುವ ಗಾಡಿಯಾದರೆ ಹೇಳೋದೇ ಬೇಡ. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗಿ ಕೂತಿರುತ್ತೆ, ಓನರ್‌ಗೆ ಗೊತ್ತೇ ಇರಲ್ಲ.

ಎರಡನೆಯದು ಥರ್ಮೋಸ್ಟಾಟ್ ವಾಲ್ವ್, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯೋದು. ಯಾವಾಗಲೋ ಗಾಡಿ ಹೀಟ್ ಆಗಿರುತ್ತೆ, ಯಾರೋ ವಾಲ್ವನ್ನು ತೆಗೆದು ಎಸೆದಿರುತ್ತಾರೆ. "ಈಗ ಹೀಟೇ ಆಗಲ್ಲ" ಅಂತ ಖುಷಿ. ಆದರೆ ಎಂಜಿನ್ ತನ್ನ ಬಿಸಿಗೆ ಬರೋದೇ ಇಲ್ಲ. ಎಂಜಿನ್ ತಣ್ಣಗಿದೆ ಅಂತ ಇಸಿಯು ಡೀಸೆಲ್ ಜಾಸ್ತಿ ಬಿಡುತ್ತೆ, ಆಯಿಲ್ ದಪ್ಪಗೇ ಇರುತ್ತೆ. ಅರ್ಧ ಗಂಟೆ ಓಡಿದ ಮೇಲೂ ಟೆಂಪರೇಚರ್ ಮುಳ್ಳು ಕೆಳಗೇ ಇದ್ದರೆ ಅನುಮಾನ ಪಡಿ. ಕೆಲವೇ ನೂರು ರೂಪಾಯಿಯ ಪಾರ್ಟ್ ಅದು. ಹಾಕಿಸಿ. ಹೀಟ್ ಆಗುತ್ತಿದ್ದ ಕಾರಣ ಹೆಚ್ಚಾಗಿ ರೇಡಿಯೇಟರ್‌ನಲ್ಲಿ ಇರುತ್ತೆ, ಅದನ್ನು ಕ್ಲೀನ್ ಮಾಡಿಸಿ.

ಏರ್ ಫಿಲ್ಟರ್, ಕ್ಲಚ್ ಸ್ಲಿಪ್, ಡೀಸೆಲ್ ಪೈಪ್ ಒಸರೋದು, ಇವೆಲ್ಲ ನಿಮಗೆ ಗೊತ್ತಿರೋದೇ. ಲೋಡಿನಲ್ಲಿ ಕಪ್ಪು ಹೊಗೆ ಬಂದರೆ ನಿಮ್ಮ ದುಡ್ಡೇ ಹೊಗೆಯಾಗಿ ಹೋಗ್ತಿದೆ ಅಂತ ತಿಳ್ಕೊಳ್ಳಿ.

ಇಂಡಿ_ರೈತ

ನಮ್ಮ ವಿಜಯಪುರದ ಕಡೆ ಘಟ್ಟ ಇಲ್ಲರೀ, ಆದರೆ ಗಾಳಿ ಐತಿ. ನಾನು ನಿಂಬೆಹಣ್ಣು ಹಾಕ್ಕೊಂಡು ಹೋಗ್ತೀನಿ, ಬೇಸಿಗೆಯಲ್ಲಿ ಜೋಳದ ಕಣಿಕೆ. ಕಣಿಕೆ ತೂಕ ನಿಂಬೆಹಣ್ಣಿನ ಅರ್ಧವೂ ಇರಲ್ಲ. ಆದರೂ ಮೈಲೇಜ್ ಕಣಿಕೆಗೇ ಕಡಿಮೆ ಬರ್ತದ. ಯಾಕಂದ್ರ ಕ್ಯಾಬಿನ್ ಮೇಲೆ ಮೂರು ನಾಲ್ಕು ಅಡಿ ಎತ್ತರ, ಎರಡೂ ಬದಿಗೆ ಹರವಿಕೊಂಡು ಕೂತಿರ್ತದ. ಗೋಡೆ ದೂಡಿಕೊಂಡು ಹೋದಂಗ ಆಗ್ತದ. ಎದುರುಗಾಳಿ ಇದ್ದ ದಿನ ನಾಲ್ಕನೇ ಗೇರಿನಲ್ಲೇ ಹೋಗಬೇಕು.

ತಾಡಪಾಲು ಸಡಿಲ ಇದ್ದರೂ ಅದೇ ಕಥಿ. ಪಟಪಟ ಬಡಿಯುವ ತಾಡಪಾಲು ಅಂದ್ರ ಡೀಸೆಲ್ ಖರ್ಚು. ಹಗ್ಗ ಇನ್ನೊಂದು ಸುತ್ತು ಬಿಗೀರಿ.

ಪುಣೆ_ಕನ್ನಡಿಗ

ಇಂಡಿಯ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಗಾಳಿಯ ತಡೆ ಸ್ಪೀಡಿನ ವರ್ಗಕ್ಕೆ ಏರುತ್ತೆ. 60ರಿಂದ 80ಕ್ಕೆ ಹೋದರೆ ಸ್ಪೀಡು ಮೂರನೇ ಒಂದು ಭಾಗ ಮಾತ್ರ ಜಾಸ್ತಿ, ಗಾಳಿಯ ತಡೆ ಮಾತ್ರ ಸುಮಾರು 1.8 ಪಟ್ಟು. ಹಳದಿ ಬೋರ್ಡ್ ಗಾಡಿಗಳಿಗೆ ಸ್ಪೀಡ್ ಗವರ್ನರ್ 80ಕ್ಕೆ ಇರುತ್ತೆ. ಆ 80ಕ್ಕೇ ಒತ್ತಿ ಹಿಡಿದು ಓಡಿಸುವವರು 60–65ಕ್ಕೆ ಇಳಿದು ನೋಡಲಿ. ನೂರು ಕಿಲೋಮೀಟರಿಗೆ ತಡವಾಗೋದು ಇಪ್ಪತ್ತು ನಿಮಿಷದ ಆಸುಪಾಸು.

ತೂಕದ ಹೊರೆ ಕಾಡುವುದು ಏರಿನಲ್ಲಿ ಮತ್ತು ಪದೇ ಪದೇ ನಿಂತು ಹೊರಡುವ ಊರೊಳಗೆ. ಎತ್ತರದ ಹೊರೆ ಕಾಡುವುದು ಹೈವೇಯಲ್ಲಿ.

ಪೀಣ್ಯ_ಡೆಲಿವರಿ

ಸರ್, ನನ್ನದು ಬಿಎಸ್6 ಗಾಡಿ, ಹೊಸ ಹೊಗೆ ನಿಯಮದ್ದು. ಇಡೀ ದಿನ ಪೀಣ್ಯ, ರಾಜಾಜಿನಗರ, ಯಶವಂತಪುರ ಅಂತ ಮೂರು ನಾಲ್ಕು ಕಿಲೋಮೀಟರಿನ ಓಟ. ಮೈಲೇಜ್ ಇದ್ದಕ್ಕಿದ್ದಂತೆ ಇಳಿಯುತ್ತೆ, ಮತ್ತೆ ಸರಿಹೋಗುತ್ತೆ. ಕೆಲವೊಮ್ಮೆ ಐಡಲ್ ಜಾಸ್ತಿ ಆಗಿ ಒಂಥರಾ ಸುಟ್ಟ ವಾಸನೆ. ಇಂಜೆಕ್ಟರ್ ಹೋಗಿದೆ ಅಂದರು ಒಂದು ಕಡೆ. ದೊಡ್ಡ ಮೊತ್ತ ಹೇಳ್ತಿದ್ದಾರೆ. ಏನು ಮಾಡಲಿ?

ಹಾಸನ_ಗ್ಯಾರೇಜ್

ತಮ್ಮಾ, ದುಡ್ಡು ಕೊಡಬೇಡ, ಸ್ವಲ್ಪ ತಡಿ. ನೀನು ಹೇಳ್ತಿರೋದು ಕೇಳಿದರೆ ಡಿಪಿಎಫ್ ರೀಜನರೇಷನ್ ಇದ್ದ ಹಾಗಿದೆ.

2020ರ ಏಪ್ರಿಲ್‌ನಿಂದ ಬಿಎಸ್6 ಬಂತಲ್ಲ, ಅಲ್ಲಿಂದ ಡೀಸೆಲ್ ಗಾಡಿಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂತು, ಅದೇ ಡಿಪಿಎಫ್. ಅದು ತುಂಬಿದಾಗ ಇಸಿಯು ಹೆಚ್ಚಿಗೆ ಡೀಸೆಲ್ ಬಿಟ್ಟು ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡುತ್ತೆ, ಅದಕ್ಕೇ ರೀಜನರೇಷನ್ ಅನ್ನೋದು. ಆ ಹೊತ್ತಿನಲ್ಲಿ ಮೈಲೇಜ್ ಬೀಳುತ್ತೆ, ಐಡಲ್ ಏರುತ್ತೆ, ವಾಸನೆ ಬರುತ್ತೆ. ನೀನು ಅರ್ಧದಲ್ಲೇ ಆಫ್ ಮಾಡಿ ಡೆಲಿವರಿಗೆ ಹೋಗ್ತೀಯ. ಅದು ಮತ್ತೆ ಮೊದಲಿಂದ ಶುರು ಮಾಡಬೇಕು. ಡೀಸೆಲ್ ಡಬಲ್ ಖರ್ಚು. ಅಷ್ಟೇ ಅಲ್ಲ, ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರಿಕೊಳ್ಳುತ್ತೆ. ಡಿಪ್‌ಸ್ಟಿಕ್ ತೆಗೆದು ನೋಡು. ಆಯಿಲ್ ಲೆವೆಲ್ ಮೇಲಿನ ಗುರುತು ದಾಟಿದ್ದರೆ ತಕ್ಷಣ ಆಯಿಲ್ ಬದಲಿಸು.

ವಾರಕ್ಕೊಂದು ಸಲವಾದರೂ ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಅರ್ಧ ಗಂಟೆ ನಿಲ್ಲಿಸದೆ ಒಂದೇ ಸ್ಪೀಡಿನಲ್ಲಿ ಓಡಿಸು. ಫಿಲ್ಟರ್ ತಾನೇ ಕ್ಲೀನ್ ಆಗುತ್ತೆ. ಆಮೇಲೂ ಸರಿಹೋಗದಿದ್ದರೆ ಸ್ಕ್ಯಾನರ್ ಹಾಕಿಸಿ ಇಂಜೆಕ್ಟರ್ ನೋಡಿಸು. ಡಿಪಿಎಫ್ ಕಿತ್ತು ಹಾಕಿಸೋಣ ಅನ್ನುವವರ ಮಾತು ಕೇಳಬೇಡ, ಅದು ಕಾನೂನಿಗೆ ವಿರುದ್ಧ.

ಡಿಇಎಫ್ (ಹೊಗೆ ಶುದ್ಧ ಮಾಡೋಕೆ ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ) ಬೇಕಾಗುವ ಗಾಡಿ ಇದ್ದವರು ಅದನ್ನೂ ಮೈಲೇಜಿನ ಲೆಕ್ಕಕ್ಕೆ ಸೇರಿಸಿ. ನೂರು ಲೀಟರ್ ಡೀಸೆಲ್‌ಗೆ ಸಾಮಾನ್ಯವಾಗಿ 3ರಿಂದ 5 ಲೀಟರ್ ಖರ್ಚಾಗುತ್ತೆ.

ಟೆಕ್ಸಾಸ್_ಕನ್ನಡಿಗ

ಇಲ್ಲಿಯ ಸುದ್ದಿಯನ್ನೂ ಸ್ವಲ್ಪ ಹೇಳ್ತೀನಿ. ಅಮೆರಿಕದಲ್ಲಿ ಲೆಕ್ಕ ಗ್ಯಾಲನ್ನಿಗೆ ಮೈಲಿ. 0.425ರಿಂದ ಗುಣಿಸಿದರೆ ನಮ್ಮ ಲೀಟರಿಗೆ ಕಿಲೋಮೀಟರ್ ಸಿಗುತ್ತೆ. 2018ರಲ್ಲಿ ಫೋರ್ಡ್ ಎಫ್-150 ಪಿಕಪ್ಪಿಗೆ 3 ಲೀಟರ್ ಡೀಸೆಲ್ ಎಂಜಿನ್ ಬಂದಾಗ ಹೈವೇಯಲ್ಲಿ 30 ಮೈಲಿ ಅಂತ ಇಲ್ಲಿಯ ಸರ್ಕಾರಿ ಪರಿಸರ ಸಂಸ್ಥೆ ಇಪಿಎಯ ಪ್ರಮಾಣ ಸಿಕ್ಕಿತ್ತು. ಅಂದರೆ ಲೀಟರಿಗೆ 12.75.

ಆದರೆ ಎಫ್-250ರಂಥ ದೊಡ್ಡ ಡೀಸೆಲ್ ಪಿಕಪ್‌ಗಳ ಗಾಜಿನ ಮೇಲೆ ಮೈಲೇಜ್ ಚೀಟಿಯೇ ಇರಲ್ಲ. ಗಾಡಿ, ಲೋಡು ಸೇರಿದ ತೂಕ 8,500 ಪೌಂಡ್ ದಾಟಿದರೆ, ಅಂದರೆ ಸುಮಾರು 3.9 ಟನ್ ದಾಟಿದರೆ, ಚೀಟಿ ಹಾಕಲೇಬೇಕು ಅನ್ನುವ ನಿಯಮ ಅವಕ್ಕಿಲ್ಲ. ಹಾಗಾಗಿ ಇಲ್ಲೂ ಜನ ಒಬ್ಬರನ್ನೊಬ್ಬರು ಕೇಳಿಯೇ ತಿಳಿದುಕೊಳ್ಳಬೇಕು. ನನ್ನ ನೆರೆಯವರು ಕುದುರೆ ಟ್ರೈಲರ್ ಎಳೆಯುತ್ತಾರೆ. ಟ್ರೈಲರ್ ಇಲ್ಲದೆ ಲೀಟರಿಗೆ 7–8 ಬರುವುದು, ಕಟ್ಟಿಕೊಂಡರೆ ಅರ್ಧಕ್ಕೆ ಬೀಳುತ್ತೆ.

ಬಿಡದಿ_ಹಿಲಕ್ಸ್

ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೋಟಾ ಹಿಲಕ್ಸ್ ಪಿಕಪ್, 2.8 ಲೀಟರ್ ಆಟೋಮ್ಯಾಟಿಕ್. ಸಿಟಿಯಲ್ಲಿ 8–9, ಹೈವೇಯಲ್ಲಿ 11–12. ಖಾಲಿ ಗಾಡಿಯೇ 2 ಟನ್ ದಾಟುತ್ತೆ. ದಪ್ಪ ಆಫ್‌ರೋಡ್ ಟೈರ್ ಹಾಕಿಸಿದ ಮೇಲೆ ಒಂದು ಕಿಲೋಮೀಟರ್ ಹೋಯಿತು. ಟೈರಿನ ಸುತ್ತಳತೆ ದೊಡ್ಡದಾದರೆ ಮೀಟರ್ ಕಡಿಮೆ ಕಿಲೋಮೀಟರ್ ತೋರಿಸುತ್ತೆ, ಅದನ್ನೂ ಗಮನಿಸಿ.

ಕೋಲಾರ_ಟೊಮೆಟೊ_ಗಾಡಿ

ಎಷ್ಟು ಒಳ್ಳೆ ಮಾಹಿತಿ ಬಂತು! ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನೋದಕ್ಕಿಂತ, ಒಂದು ಲೀಟರ್ ಎಷ್ಟು ಮಾಲನ್ನು ಎಷ್ಟು ದೂರ ಸಾಗಿಸಿತು ಅಂತ ನೋಡಬೇಕು.

100 ಕಿಲೋಮೀಟರ್ ದೂರಕ್ಕೆ 100 ಬಾಕ್ಸ್ ಒಯ್ಯುತ್ತೇನೆ ಅಂದುಕೊಳ್ಳಿ. ಹೋಗುವಾಗ 10.5ರಂತೆ 9.5 ಲೀಟರ್. ಖಾಲಿ ವಾಪಸ್ 13.5ರಂತೆ 7.4 ಲೀಟರ್. ಒಟ್ಟು 16.9. ಲೀಟರಿಗೆ 91 ರೂಪಾಯಿ ಹಿಡಿದರೆ ಸುಮಾರು 1,540 ರೂಪಾಯಿ, ಬಾಕ್ಸಿಗೆ 15 ರೂಪಾಯಿ 40 ಪೈಸೆ.

ಈಗ 50 ಬಾಕ್ಸ್ ಮಾತ್ರ ಹಾಕಿದೆ. ಹೋಗುವಾಗ 12 ಬಂತು, 8.3 ಲೀಟರ್. ವಾಪಸ್ ಅದೇ 7.4. ಒಟ್ಟು 15.7, ಸುಮಾರು 1,430 ರೂಪಾಯಿ. ಬಾಕ್ಸಿಗೆ 28 ರೂಪಾಯಿ 60 ಪೈಸೆ!

ನೋಡಿ, ಎರಡನೇ ದಿನ ಮೈಲೇಜ್ ಚೆನ್ನಾಗಿತ್ತು. ಹೋಟೆಲಿನಲ್ಲಿ ಹೇಳಿಕೊಳ್ಳೋಕೆ ಚೆಂದ. ಜೇಬಿಗೆ ಮಾತ್ರ ನಷ್ಟ. ಅರ್ಧ ಲೋಡಿನ ಬಾಡಿಗೆಗೆ ಹುಡುಗರು "ಗಾಡಿ ಹಗುರ, ಡೀಸೆಲ್ ಕಡಿಮೆ ಕುಡಿಯುತ್ತೆ" ಅಂತ ಅರ್ಧ ರೇಟಿಗೆ ಒಪ್ಪಿಕೊಳ್ಳುತ್ತಾರಲ್ಲ, ಅಲ್ಲೇ ಏಟು ಬೀಳೋದು. ಡೀಸೆಲ್ ಉಳಿದದ್ದು ಒಂದು ಲೀಟರ್ ಚಿಲ್ಲರೆ ಅಷ್ಟೇ. ವಾಪಸ್ ಬರುವಾಗ ಏನಾದರೂ ಲೋಡು ಸಿಕ್ಕರೆ, ಕಡಿಮೆ ಬಾಡಿಗೆಯಾದರೂ, ಅದು ಯಾವ ಟ್ಯೂನಿಂಗಿಗಿಂತಲೂ ದೊಡ್ಡ ಉಳಿತಾಯ.

ಹೊಸಪೇಟೆ_ಡ್ರೈವರ್

ಅಣ್ಣಾ, ನಿಮ್ಮ ಲೆಕ್ಕ ಹಿಡಿದು ಹೊರಟರೆ ಇನ್ನೂ ಜಾಸ್ತಿ ತುಂಬಿದಷ್ಟೂ ಲಾಭ ಆಗುತ್ತೆ ಅಲ್ವಾ? 1.7ರ ಗಾಡಿಗೆ ಎರಡೂವರೆ ಟನ್ ಹಾಕೋರು ಅದನ್ನೇ ಹೇಳೋದು.

ಕೋಲಾರ_ಟೊಮೆಟೊ_ಗಾಡಿ

ಈ ಪ್ರಶ್ನೆ ಬರಬೇಕಿತ್ತು, ಬಂತು. ಬರೀ ಡೀಸೆಲ್ ಲೆಕ್ಕ ನೋಡಿದರೆ ಹೌದು ಅನ್ನಿಸುತ್ತೆ. ಆದರೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನು 2,000. ಒಂದು ಸಲ ಹಿಡಿದರೆ ತಿಂಗಳ ಉಳಿತಾಯ ಹೋಯ್ತು. ಅದಕ್ಕಿಂತ ದೊಡ್ಡದು ಜೀವ. ಆ ತೂಕಕ್ಕೆ ಬ್ರೇಕು ಮಾಡಿದ್ದಲ್ಲ, ಟೈರು ಮಾಡಿದ್ದಲ್ಲ. ಆರ್‌ಸಿಯಲ್ಲಿ ಬರೆದ ತೂಕದ ಒಳಗೆ ಎಷ್ಟು ತುಂಬಬಹುದೋ ಅಷ್ಟು ತುಂಬಿ. ಅದರಾಚೆಗೆ ನನ್ನ ಲೆಕ್ಕ ಬಳಸಬೇಡಿ, ಕೈ ಮುಗಿದು ಕೇಳ್ತೀನಿ.

ಹಾಸನ_ಗ್ಯಾರೇಜ್

ಎಕ್ಸ್‌ಟ್ರಾ ಸ್ಪ್ರಿಂಗ್ ಪ್ಲೇಟ್ ಹಾಕಿಸಿ ಓವರ್‌ಲೋಡ್ ಹೊಡೆಯೋ ಗಾಡಿಗಳ ಹಿಂದಿನ ಟೈರ್, ಬೇರಿಂಗ್, ಕ್ಲಚ್ ಎಷ್ಟು ಬೇಗ ನಮ್ಮ ಹತ್ತಿರ ಬರುತ್ತೆ ಅಂತ ನಮಗೆ ಗೊತ್ತು. ಡೀಸೆಲ್‌ನಲ್ಲಿ ಉಳಿಸಿದ್ದನ್ನು ಪಾರ್ಟ್ಸ್ ಅಂಗಡಿಗೆ ಕೊಟ್ಟು ಹೋಗ್ತಾರೆ.

ಟೈರಿನ ಗಾಳಿಯ ವಿಷಯ ಮರೀಬೇಡಿ. ಲೋಡಿನ ಗಾಡಿಗೆ ಹಿಂದಿನ ಟೈರಿನ ಪ್ರೆಶರ್ ಮುಂದಿನದಕ್ಕಿಂತ ಜಾಸ್ತಿ ಇರಬೇಕು. ಎಷ್ಟು ಅನ್ನೋದು ಬಾಗಿಲಿನ ಸ್ಟಿಕರಿನಲ್ಲಿ ಇರುತ್ತೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಹಾಕಿಸಿ.

ಮಂಜೇಶ್ವರ_ಮೀನು_ಗಾಡಿ

ನಾವು ಕಾಸರಗೋಡಿನವರು ಒಂದು ಉಳಿತಾಯ ಬೇರೆ ಮಾಡುತ್ತೇವೆ. ಕೇರಳಕ್ಕಿಂತ ಕರ್ನಾಟಕದಲ್ಲಿ ಡೀಸೆಲ್ ಅಗ್ಗ. ಮಂಗಳೂರಿಗೆ ಹೋದವರು ವಾಪಸ್ ಗಡಿಯ ತಲಪಾಡಿ ದಾಟುವ ಮೊದಲೇ ಫುಲ್ ಮಾಡಿಸಿಕೊಂಡು ಬರುವುದು ರೂಢಿ. ಅದಕ್ಕಾಗಿಯೇ ಗಾಡಿ ತಿರುಗಿಸಿಕೊಂಡು ಹೋದರೆ ಮಾತ್ರ ಪ್ರಯೋಜನ ಇಲ್ಲ.

ಮೀನಿನ ಲೋಡಿನಲ್ಲಿ ಐಸ್ ತೂಕವನ್ನೂ ಲೆಕ್ಕ ಹಾಕಿ. ಮೀನುಗಾರಿಕೆ ದಕ್ಕೆಯಲ್ಲಿ ಲೋಡ್ ಆಗುವವರೆಗೆ ಎಂಜಿನ್ ಚಾಲೂ ಇಡುವವರು ತುಂಬಾ ಮಂದಿ. ಇಷ್ಟು ದೊಡ್ಡ ಡೀಸೆಲ್ ಎಂಜಿನ್ ಸುಮ್ನೆ ನಿಂತರೂ ಗಂಟೆಗೆ ಅರ್ಧ ಲೀಟರಿನ ಹತ್ತಿರ ಕುಡಿಯುತ್ತದೆ.

ಗದಗ_ಹೊಸಬ

ಎಲ್ಲಾ ಓದಿದೆ ಅಣ್ಣಾರ. ನಾನು ಸೆಕೆಂಡ್ ಹ್ಯಾಂಡ್ ಪಿಕಪ್ ನೋಡ್ತಾ ಇದ್ದೀನಿ. ಓನರ್ "ಲೋಡಿನಲ್ಲೇ 14 ಕೊಡುತ್ತೆ" ಅಂತಾನ. ಹೆಂಗ ಪರೀಕ್ಷೆ ಮಾಡೋದು?

ಹಾಸನ_ಗ್ಯಾರೇಜ್

14 ಅನ್ನೋದನ್ನು ಪಕ್ಕಕ್ಕಿಡು. ಬೆಳಿಗ್ಗೆ ಮೊದಲು ಹೋಗು, ಎಂಜಿನ್ ತಣ್ಣಗಿರಬೇಕು. ಸ್ಟಾರ್ಟ್ ಎಷ್ಟು ಸುಲಭಕ್ಕೆ ಆಗುತ್ತೆ, ಹೊಗೆ ಯಾವ ಬಣ್ಣ ನೋಡು. ಆಯಿಲ್ ಡಿಪ್‌ಸ್ಟಿಕ್ ಮೂಸಿ ನೋಡು, ಡೀಸೆಲ್ ವಾಸನೆ ಇರಬಾರದು. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬರುತ್ತಾ ಗಮನಿಸು. ಮೇಲಿನ ಗೇರಿನಲ್ಲಿ ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಸದ್ದು ಏರಿ ಸ್ಪೀಡು ಏರದಿದ್ದರೆ ಕ್ಲಚ್ ಹೋಗಿದೆ. ಹತ್ತು ಕಿಲೋಮೀಟರ್ ಓಡಿಸಿ ಹಬ್ ಹತ್ತಿರ ಕೈ ತಂದು ನೋಡು. ಹಿಂದೆ ಎಕ್ಸ್‌ಟ್ರಾ ಪ್ಲೇಟ್ ಹಾಕಿದ್ದರೆ ಓವರ್‌ಲೋಡ್ ಹೊಡೆದ ಗಾಡಿ, ರೇಟ್ ಕಡಿಮೆ ಕೇಳು.

ಕೋಲಾರ_ಟೊಮೆಟೊ_ಗಾಡಿ

ಇನ್ನೊಂದು ಸೇರಿಸ್ತೀನಿ ತಮ್ಮಾ. ಕಂತು, ಬಾಡಿಗೆ ಲೆಕ್ಕ ಹಾಕುವಾಗ ಲೋಡಿನಲ್ಲಿ 10, ಖಾಲಿ 13 ಅಂತಲೇ ಹಿಡಿ. ವಾಪಸ್ ಖಾಲಿ ಬರ್ತೀನಿ ಅಂತಲೇ ಹಿಡಿ. ಅಷ್ಟರಲ್ಲೂ ಕಂತು ಕಟ್ಟಿ ಮನೆಗೆ ಉಳಿಯುತ್ತೆ ಅಂದರೆ ಮಾತ್ರ ಅಡ್ವಾನ್ಸ್ ಕೊಡು.

ಗದಗ_ಹೊಸಬ

ಆ ಲೆಕ್ಕದಲ್ಲಿ ಓನರ್ ಹೇಳಿದ ರೇಟಿಗೆ ಕಂತು ಹೊಂದುತ್ತಿಲ್ಲ ಅಣ್ಣಾರ. ಅಡ್ವಾನ್ಸ್ ಕೊಡಲ್ಲ. ಬೇರೆ ಗಾಡಿ ನೋಡ್ತೀನಿ.